ಗಾಯರಾಣ ಕಡಿದು ಔಷಧಿ ವನ ಮಾಡುವ ಮುಂಚೆ

ಪ್ರಶ್ನೆ: ನಾನು ಆಳಂದ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ಊರ ಪಕ್ಕದ ಗಾಯರಾಣದಲ್ಲಿ, ಅಂದರೆ ದನಕರು ಮೇಯುವ ಗೋಮಾಳದಲ್ಲಿ, ಎರಡು ಎಕರೆಯನ್ನು ಔಷಧಿ ವನಕ್ಕೆ ಕೊಡಲು ಪಂಚಾಯಿತಿಯವರು ಒಪ್ಪಿದ್ದಾರೆ. ಅಲ್ಲೀಗ ಮುಳ್ಳುಕಂಟಿ ಮತ್ತು ಕಸ ಬಿಟ್ಟರೆ ಬೇರೇನೂ ಇಲ್ಲ. ಜೆಸಿಬಿ ಹಚ್ಚಿ ಸಾಫ್ ಮಾಡಿಸಿ, ಮಳೆ ಹಿಡಿದ ಮೇಲೆ ಸಸಿ ನೆಡಬೇಕು ಅಂತಿದ್ದೇವೆ. ನಮ್ಮ ಭಾಗದಲ್ಲಿ ಔಷಧಿ ಸಸ್ಯಗಳು ಕಾಡು, ಗಾಯರಾಣ, ಹೊಲ, ಹಿತ್ತಲು ಇವುಗಳಲ್ಲಿ ಎಲ್ಲಿ ಹೆಚ್ಚು? ಚಿಂಚೋಳಿ ಕಾಡು ಉಳಿದರೆ ಅವೂ ಉಳಿದಂತೆ ಅಲ್ಲವೇ? ವನಕ್ಕೆ ಯಾವ ಸಸಿ ತರಿಸಲಿ?

ಉತ್ತರ:

ಸರ್, ಮೊದಲು ಜೆಸಿಬಿಯವನಿಗೆ ಫೋನ್ ಮಾಡಿ ಈಗ ಬರಬೇಡ ಅನ್ನಿ. ಸಸಿಯ ಮಾತು ಆಮೇಲೆ.

ನೀವು ಬರೆದ 'ಮುಳ್ಳುಕಂಟಿ ಮತ್ತು ಕಸ ಬಿಟ್ಟರೆ ಬೇರೇನೂ ಇಲ್ಲ' ಎನ್ನುವ ಮಾತನ್ನು ಒಮ್ಮೆ ನಾನೂ ಬರೆದಿದ್ದೆ, ಅದೂ ಒಂದು ವರದಿಯಲ್ಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮೇ ತಿಂಗಳ ಬಿಸಿಲಲ್ಲಿ, ಬೀದರ್ ಕಡೆಯ ಒಂದು ಕೆಂಪು ಮಡ್ಡಿಗೆ (ಕಲ್ಲುಮೊರಮಿನ ಬೀಳು ನೆಲಕ್ಕೆ) ಹೋಗಿದ್ದೆ. ಒಂದಿಷ್ಟು ತಂಗಡಿ, ಎಕ್ಕ, ಬಳ್ಳಾರಿ ಜಾಲಿ, ಮಿಕ್ಕಿದ್ದೆಲ್ಲ ಬೋಳು. ಅಲ್ಲೇ ಬೇವಿನ ನೆರಳಲ್ಲಿ ಕೂತಿದ್ದ ಕುರಿ ಕಾಯುವ ಕಾಕಾ ನನ್ನ ಚೀಲ, ಹಗ್ಗ, ವಹಿ ಎಲ್ಲ ನೋಡಿ ನಕ್ಕ. 'ಈಗ ಎಲ್ಲಾ ಮಲಗ್ಯಾವ್ರಿ ಸರ. ಮಿರಗಾ ಕೂಡ್ಲಿ, ತಾವಾ ಏಳ್ತಾವ' ಅಂದ. ಮಿರಗಾ ಅಂದರೆ ಜೂನಿನ ಮೃಗಶಿರಾ ಮಳೆ. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಸೆಪ್ಟೆಂಬರಿನಲ್ಲಿ ಬೇರೆ ಕೆಲಸಕ್ಕೆ ಅದೇ ದಾರಿಯಲ್ಲಿ ಹೋದಾಗ ಕಾಲಿಡಲು ನಾಚಿಕೆಯಾಗುವಷ್ಟು ಗಿಡ. ಮೊರಮಿನ ನಡುವೆ ನೆಲಕ್ಕಂಟಿ ಹರಡಿದ ವಿಷ್ಣುಕ್ರಾಂತಿ, ಅದರ ಪುಟ್ಟ ನೀಲಿ ಹೂ. ಅದು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ, ತಡವಾಗಿ ಹೋದವರಿಗೆ ಹೂ ಕಂಡರೆ ಪುಣ್ಯ. ಪಕ್ಕದಲ್ಲಿ ನೆಗ್ಗಿಲು, ನೆಲನೆಲ್ಲಿ, ಉತ್ತರಾಣಿ. ಕಂಟಿಯೊಳಗಿಂದ ಮೇಲೆ ಹತ್ತಿದ ಶತಾವರಿ. ಇವುಗಳಲ್ಲಿ ಕೆಲವು ಬೇಸಿಗೆಯನ್ನು ಗಡ್ಡೆಯಾಗಿ, ಕೆಲವು ಬೀಜವಾಗಿ ಮಣ್ಣಿನೊಳಗೆ ಕಳೆಯುತ್ತವೆ. ಜೆಸಿಬಿಯ ಬಕೆಟ್ ಕೆರೆಯುವುದು ಸರಿಯಾಗಿ ಆ ಒಂದು ಗೇಣು ಮಣ್ಣನ್ನೇ.

ಈಗ ಎಲ್ಲಿ ಹೆಚ್ಚು ಎನ್ನುವ ಪ್ರಶ್ನೆಗೆ ಬರುತ್ತೇನೆ. ಇದಕ್ಕೆ ಒಂದೇ ಪದದ ಉತ್ತರ ಕೊಡುವವರನ್ನು ನಂಬಬೇಡಿ. ಬೀದರ್, ಕಲಬುರಗಿ, ಯಾದಗಿರಿ, ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಕಾಡು ಎನ್ನುವುದು ಹತ್ತಕ್ಕೆ ಒಂದು ಪಾಲೂ ಇಲ್ಲ. ಉಳಿದದ್ದು ಎರೆ (ಕಪ್ಪು ಮಣ್ಣಿನ) ಹೊಲ, ಮಸಾರಿ (ಕೆಂಪು ಮಣ್ಣು), ಮಡ್ಡಿ, ಹಳ್ಳದ ದಂಡೆ, ಕಾಲುವೆ ಬಯಲು, ಫರಸಿ ಕಲ್ಲಿನ ಗಣಿ, ಊರು. ಕಾಡಿನಲ್ಲಿ ಇರುವುದು ಹೊಲದಲ್ಲಿ ಇಲ್ಲ, ಹೊಲದ ಬದುವಿನಲ್ಲಿ ಇರುವುದು ಕಾಡಿನಲ್ಲಿ ಇಲ್ಲ. ಆದ್ದರಿಂದ ಚಿಂಚೋಳಿ ಒಂದನ್ನು ಉಳಿಸಿ ಉಳಿದದ್ದನ್ನು ಬಿಟ್ಟರೆ ಅರ್ಧ ಪುಸ್ತಕ ಉಳಿಸಿಕೊಂಡ ಹಾಗೆ.

ಚಿಂಚೋಳಿಯ ಮಾತೇ ಮೊದಲು ಮುಗಿಸೋಣ. ತೆಲಂಗಾಣ ಗಡಿಗೆ ಹತ್ತಿದ ಈ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ವಿಸ್ತೀರ್ಣ ಸುಮಾರು 134 ಚದರ ಕಿ.ಮೀ. ಎಲೆ ಉದುರುವ ಒಣ ಕಾಡು. ಇಂಥ ಕಾಡಿನ ಔಷಧಿ ಸಂಪತ್ತು ಹೆಚ್ಚಾಗಿ ಮರಗಳಲ್ಲಿ, ಬಳ್ಳಿಗಳಲ್ಲಿ, ಗಡ್ಡೆಗಳಲ್ಲಿ ಇರುತ್ತದೆ: ತಾರೆ, ಬೆಟ್ಟದ ನೆಲ್ಲಿ, ಮುತ್ತುಗ, ಮಧುನಾಶಿನಿ, ನೆಲತಾಳೆ. ಇವುಗಳ ಗುಣವೆಂದರೆ ನಿಧಾನ. ತಾರೆ ಮರ ಕಾಯಿ ಬಿಡಲು ವರ್ಷಗಟ್ಟಲೆ ಬೇಕು. ತೊಗಟೆ ಸುತ್ತಲೂ ಸುಲಿದರೆ ಮರ ನಿಂತಲ್ಲೇ ಒಣಗುತ್ತದೆ, ಅದರ ಜಾಗ ತುಂಬಲು ಒಬ್ಬರ ಆಯುಷ್ಯ ಬೇಕು. ಹಾಗಾಗಿ ಕಾಡಿನ ಗಿಡಕ್ಕೆ ಬೇಕಾದದ್ದು ಬೇಲಿಗಿಂತ ಹೆಚ್ಚಾಗಿ ಕೀಳುವ ಕೈಗೆ ಒಂದು ಲಗಾಮು.

ಕೀಳುವ ಭಾಗ ಯಾವುದು ಎನ್ನುವುದು ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ. ಎಲೆ, ಹೂ, ಹಣ್ಣು ಕಿತ್ತರೆ ಗಿಡ ಉಳಿಯುತ್ತದೆ. ಬೇರು, ಗಡ್ಡೆ, ತೊಗಟೆ ತೆಗೆದರೆ ಬಹುಪಾಲು ಉಳಿಯುವುದಿಲ್ಲ. ಚಿಂಚೋಳಿ ಕಡೆಯ ಒಂದು ತಾಂಡಾದಲ್ಲಿ ವಯಸ್ಸಾದ ಒಬ್ಬ ತಾಯಿ ಶತಾವರಿ ಅಗೆಯುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಬುಡದಿಂದ ಒಂದು ಮೊಳ ದೂರದಲ್ಲಿ, ಒಂದೇ ಮಗ್ಗುಲಲ್ಲಿ ಕುಡುಗೋಲಿನ ತುದಿಯಿಂದ ಮಣ್ಣು ಸರಿಸಿದರು. ಗೊಂಚಲು ಗೊಂಚಲಾಗಿ ಬೆರಳು ದಪ್ಪದ ಬಿಳಿ ಬೇರು ಕಂಡವು. ಒಂದೊಂದನ್ನೇ ಹಿಡಿದು ನೋಡಿ, ದಪ್ಪಗಿದ್ದವನ್ನು ಮುರಿದು, ಎಳೆಯವನ್ನು ಹಾಗೇ ಬಿಟ್ಟರು. ಇನ್ನೊಂದು ಮಗ್ಗುಲನ್ನು ಮುಟ್ಟಲೇ ಇಲ್ಲ. ಮಣ್ಣು ಮುಚ್ಚಿ ಅಂಗಾಲಲ್ಲಿ ತುಳಿದು, ಮೇಲೆ ಒಂದು ಮುಳ್ಳಿನ ಟೊಂಗೆ ಇಟ್ಟರು. 'ಈ ಕಡಿಂದು ಬರೋ ವರ್ಷ' ಅಂದರು, ಅಷ್ಟೇ. ಈ ಸಸ್ಯಕ್ಕೆ ಕನ್ನಡದಲ್ಲಿ ಹಲವು ಮಕ್ಕಳ ತಾಯಿ ಬೇರು ಎಂಬ ಹೆಸರೂ ಇದೆ. ಆ ಹೆಸರಿನ ಅರ್ಥ ನನಗೆ ನಿಜವಾಗಿ ಗೊತ್ತಾದದ್ದು ಆವತ್ತು. ಅದೇ ಗಿಡವನ್ನು ಕಿಲೋ ಲೆಕ್ಕದಲ್ಲಿ ದಲಾಲರಿಗೆ ಕೊಡಲು ಬಂದವರು ಗುದ್ದಲಿಯಿಂದ ಬುಡಸಮೇತ ಎತ್ತಿ ಗುಂಡಿ ತೆರೆದೇ ಬಿಟ್ಟು ಹೋದದ್ದನ್ನೂ ನೋಡಿದ್ದೇನೆ. ಧಾಮದೊಳಗೆ ಈಗ ಅನುಮತಿ ಇಲ್ಲದೆ ಏನನ್ನೂ ಕೀಳುವಂತಿಲ್ಲ. ಆದರೆ ಕಾನೂನಿಗೆ ಆ ತಾಯಿಯ ಕುಡುಗೋಲು ಮತ್ತು ದಲಾಲರ ಗುದ್ದಲಿಯ ನಡುವಿನ ವ್ಯತ್ಯಾಸ ಕಾಣುವುದಿಲ್ಲ, ಅದು ಬೇರೆ ಸಂಕಟ.

ಮಡ್ಡಿ ಮತ್ತು ಗಾಯರಾಣದ ಕಥೆ ತಿರುಗಾಮುರುಗಾ. ಅಲ್ಲಿ ಬರುವ ಶತ್ರು ಮನುಷ್ಯನ ಕೈಗಿಂತ ಮೊದಲು ಆಡಿನ ಬಾಯಿ. ವರ್ಷವಿಡೀ ಮೇಯಿಸಿದ ನೆಲದಲ್ಲಿ ಏನು ಉಳಿದಿದೆ ನೋಡಿ: ತಂಗಡಿ, ಎಕ್ಕ, ಲಕ್ಕಿ, ಉಮ್ಮತ್ತಿ, ಆಡುಸೋಗೆ. ಆಡು ಸಾಮಾನ್ಯವಾಗಿ ಒಲ್ಲದವು. ತಮಾಷೆ ಎಂದರೆ ಆಡು ಬಿಟ್ಟದ್ದೇ ಬಹಳಷ್ಟು ನಮ್ಮ ಔಷಧಿ. ಕಹಿ, ಘಾಟು, ಹಾಲು ಇವು ಗಿಡದ ರಕ್ಷಣೆಯ ಅಸ್ತ್ರ, ಅದನ್ನೇ ನಾವು ಸ್ವಲ್ಪ ಸ್ವಲ್ಪವಾಗಿ ಮದ್ದು ಮಾಡಿಕೊಂಡೆವು. ಹೀಗಾಗಿ ಹಾಳುಬಿದ್ದ ನೆಲದಲ್ಲೂ ಔಷಧಿ ಸಸ್ಯಗಳ ಪಟ್ಟಿ ಉದ್ದವೇ ಬರುತ್ತದೆ. ಆ ಪಟ್ಟಿ ನೋಡಿ 'ಮೇಯಿಸಿದರೆ ಏನೂ ಹೋಗುವುದಿಲ್ಲ' ಎಂದು ತೀರ್ಮಾನಿಸಿದರೆ ಮೋಸ ಹೋದಿರಿ. ಆಡು ತಿಂದು ಮುಗಿಸಿದ್ದು ಪಟ್ಟಿಯಲ್ಲಿ ಇರುವುದೇ ಇಲ್ಲವಲ್ಲ.

ತಂಗಡಿಯ ವಿಷಯ ಒಂದು ಮಾತು. ಗಡಿ ದಾಟಿ ತಾಂಡೂರಿಗೆ ಹೋದರೆ ಅದೇ ಹಳದಿ ಹೂ ತೆಲಂಗಾಣದ ರಾಜ್ಯಪುಷ್ಪ, ಬತುಕಮ್ಮದ ತಟ್ಟೆಯಲ್ಲಿ ಅದಿಲ್ಲದೆ ಹಬ್ಬವಿಲ್ಲ. ಈಚೆ ನಮ್ಮಲ್ಲಿ ಅದು ಜೆಸಿಬಿಗೆ ತೋರಿಸುವ ಕಸ.

ಇನ್ನು ಹೊಲ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು, ನಮಗೆಲ್ಲ ಹೆಮ್ಮೆಯೇ. ಆದರೆ ಆ ತೊಗರಿ ಸಾಲಿನ ನಡುವಿನ ಕಸಕ್ಕೂ ಒಂದು ಲೆಕ್ಕವಿತ್ತು. ಹೆಣ್ಣುಮಕ್ಕಳು ಕಸ ತೆಗೆಯಲು ಹೋದಾಗ ಉಡಿಯಲ್ಲಿ ಪಲ್ಯ ಕಟ್ಟಿಕೊಂಡು ಬರುತ್ತಿದ್ದರು: ಹಿಂಗಾರಿ ಜೋಳದ ಹೊಲದ ಹತ್ತರಕಿ, ಕಿರಕಸಾಲಿ, ಗೋಳಿ ಸೊಪ್ಪು. ಬಿಸಿ ರೊಟ್ಟಿಗೆ ಹಸಿ ಹತ್ತರಕಿ, ಮೇಲೆ ಶೇಂಗಾ ಹಿಂಡಿ ಮತ್ತು ಒಂದು ಚೂರು ಉಳ್ಳಾಗಡ್ಡಿ. ಅದು ಊಟವೋ ಮದ್ದೋ ಎಂದು ಯಾರೂ ಕೇಳುತ್ತಿರಲಿಲ್ಲ. ಈಗ ಕೂಲಿ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಸೋಯಾ ಇರಲಿ ತೊಗರಿ ಇರಲಿ, ಕಳೆನಾಶಕ ಹೊಡೆಯುತ್ತಾರೆ. ರೈತರನ್ನು ಬೈಯಲು ನನಗೆ ಬಾಯಿಲ್ಲ, ಲೆಕ್ಕ ಅವರಿಗೆ ಗೊತ್ತು. ಆದರೆ ಕೈಯಿಂದ ಕಿತ್ತಾಗ ಬೀಜ ಮಣ್ಣಲ್ಲಿ ಉಳಿಯುತ್ತಿತ್ತು, ಮುಂದಿನ ವರ್ಷ ಮತ್ತೆ ಬರುತ್ತಿತ್ತು. ಬೀಜ ಕಟ್ಟುವ ಮುಂಚೆಯೇ ವರ್ಷವರ್ಷವೂ ಸುಟ್ಟರೆ ಮಣ್ಣಿನ ಬೀಜದ ಗಂಟು ಕರಗುತ್ತಾ ಹೋಗುತ್ತದೆ. ಅದರ ಜಾಗಕ್ಕೆ ಬರುವುದು ಕಾಂಗ್ರೆಸ್ ಕಸ (ಪಾರ್ಥೇನಿಯಂ).

ಹೊಲದ ಗಿಡಗಳಿಗೆ ಕೊನೆಯ ಆಸರೆ ಬದು. ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಬಿರಿಯುವಾಗ ಬೇರು ಹರಿಯುತ್ತದೆ, ಅದಕ್ಕೇ ಎರೆ ಬಯಲಿನಲ್ಲಿ ಮರ ಕಡಿಮೆ. ಇದ್ದ ನಾಲ್ಕು ಬೇವು, ಜಾಲಿ, ಬಾರಿ (ಬೋರೆ) ಮರ ನಿಂತಿರುವುದು ಬದುವಿನಲ್ಲಿ. ಆ ಬೇವಿಗೆ ಅಮೃತಬಳ್ಳಿ ಹತ್ತಿರುತ್ತದೆ. ಒಂದು ಸಲ ಹತ್ತಿರ ನಿಂತು ನೋಡಿ. ಹಳೆಯ ಕಾಂಡದ ಮೇಲೆ ಗಂಟು ಗಂಟು ಚುಕ್ಕೆ, ಕಾಗದದಂಥ ಸಿಪ್ಪೆ. ಉಗುರಿನಿಂದ ಕೆರೆದರೆ ಒಳಗೆ ಹಸಿರು. ಅಡ್ಡ ಕೊಯ್ದರೆ ಗಾಡಿಯ ಗಾಲಿಯ ಹಾಗೆ ಅರೆಗಳು. ಮೇಲಿಂದ ದಾರದಂತೆ ಬೇರುಗಳು ಇಳಿಬಿದ್ದಿರುತ್ತವೆ. ಬುಡ ಕಡಿದರೂ ಮೇಲಿನ ತುಂಡು ಸಾಯದೆ ಈ ದಾರಗಳನ್ನು ಇಳಿಸಿ ಮತ್ತೆ ನೆಲ ಮುಟ್ಟುತ್ತದೆ. ಹೀಗಿದ್ದ ಬಳ್ಳಿಯೂ ಕೊರೊನಾ ಕಾಲದಲ್ಲಿ ನಮ್ಮ ಕೈಗೆ ಸಿಕ್ಕು ಸಾಕಾಯಿತು, ಬೇವಿನ ಟೊಂಗೆ ಸಮೇತ ಎಳೆದು ಒಯ್ದರು. ಅದರ ಜೊತೆ ಹೋಲುವ ಬೇರೆ ಬಳ್ಳಿಯನ್ನೂ ಕಿತ್ತು ಕುಡಿದವರಿದ್ದಾರೆ. 2022ರಲ್ಲಿ ಆಯುಷ್ ಸಚಿವಾಲಯವೇ ಈ ಗೊಂದಲದ ಬಗ್ಗೆ ಎಚ್ಚರಿಕೆ ಕೊಡಬೇಕಾಯಿತು. ಟ್ರ್ಯಾಕ್ಟರ್ ಬಂದ ಮೇಲೆ ಬದು ವರ್ಷಕ್ಕೆ ಒಂದು ಗೆರೆ ಸಣ್ಣದಾಗುತ್ತಿದೆ. ನನ್ನನ್ನು ಕೇಳಿದರೆ, ಕಲಬುರಗಿ ಜಿಲ್ಲೆಯಲ್ಲಿ ಔಷಧಿ ಸಸ್ಯ ಉಳಿಸಲು ಅತಿ ಅಗ್ಗದ ದಾರಿ ಬದುವನ್ನು ಮೂರು ಮೊಳ ಅಗಲ ಬಿಡುವುದು.

ಯಾದಗಿರಿ ಕಡೆ, ನಾರಾಯಣಪುರ ಕಾಲುವೆ ನೀರು ಹರಿದ ಶಹಾಪುರ, ಸುರಪುರದ ಬಯಲುಗಳಲ್ಲಿ ಪಟ್ಟಿಯೇ ಬದಲಾಗಿದೆ. ಭತ್ತದ ಗದ್ದೆಯ ಅಂಚಿನಲ್ಲಿ ಗರಗ, ಹೊನಗೊನ್ನೆ, ಜೇಕಿನ ಗಡ್ಡೆ. ಇವೂ ಔಷಧಿಯೇ. ಆದರೆ ಇವು ದೇಶದಲ್ಲಿ ನೀರು ನಿಂತಲ್ಲೆಲ್ಲ ಸಿಗುತ್ತವೆ. ಅವು ಬರುವಾಗ ಜಾಗ ಬಿಟ್ಟುಹೋದ ಒಣನೆಲದ ಗಿಡಗಳಿಗೆ ಹೋಗಲು ಬೇರೆ ಊರಿಲ್ಲ. ಪಕ್ಕದ ಕಲ್ಲುಗುಡ್ಡಗಳು ಮಾತ್ರ ಉಳಿದಿವೆ.

ಊರೊಳಗೂ ಒಂದು ನೆಲವಿದೆ, ಸಮೀಕ್ಷೆ ಮಾಡುವವರು ಅದನ್ನು ಮರೆಯುತ್ತಾರೆ: ಖಬರಸ್ತಾನ, ದರ್ಗಾದ ಹಿಂದಿನ ಜಾಗ, ಲಿಂಗಾಯತರ ರುದ್ರಭೂಮಿ, ಹಾಳು ಬಾವಿಯ ಸುತ್ತು. ಉಳುವುದಿಲ್ಲ, ಮೇಯಿಸುವುದೂ ಅಷ್ಟಕ್ಕಷ್ಟೇ. ನಿಮ್ಮ ಮಕ್ಕಳನ್ನು ಮೊದಲು ಅಲ್ಲಿಗೇ ಕಳಿಸಿ, ಹಿರಿಯರ ಅಪ್ಪಣೆ ಕೇಳಿಕೊಂಡು.

ಈಗ ಎಣಿಕೆ. ಒಂದು ಹಗ್ಗ, ನಾಲ್ಕು ಗೂಟ ಸಾಕು. ಸಣ್ಣ ಗಿಡಕ್ಕೆ ಒಂದು ಮೀಟರ್ ಚೌಕ, ಕಂಟಿಗೆ ಐದು ಮೀಟರ್, ಮರಕ್ಕೆ ಹತ್ತು ಮೀಟರ್. ಚಂದ ಕಂಡಲ್ಲಿ ಗೂಟ ಹೊಡೆಯಬೇಡಿ, ಹೆಜ್ಜೆ ಎಣಿಸಿ ಬಂದಲ್ಲಿ ಹೊಡೆಯಿರಿ. ಗಾಯರಾಣ, ಹೊಲ, ಬದು, ಹಳ್ಳದ ದಂಡೆ ಪ್ರತಿಯೊಂದರಲ್ಲೂ ಅಷ್ಟಷ್ಟೇ ಚೌಕ ಇರಲಿ. ಸೆಪ್ಟೆಂಬರಿನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ. ಜಾತಿ ಎಷ್ಟು ಎಂದಷ್ಟೇ ಬರೆಯದೆ ಪ್ರತಿ ಜಾತಿಯ ಗಿಡ ಎಷ್ಟು ಎಂದೂ ಬರೆಸಿ. ಯಾಕೆ ಅಂದರೆ, ಎರಡು ಚೌಕಗಳಲ್ಲೂ ಹತ್ತು ಜಾತಿ, ನೂರು ಗಿಡ ಸಿಕ್ಕವು ಅನ್ನಿ. ಒಂದರಲ್ಲಿ ಪ್ರತಿ ಜಾತಿಯದೂ ಹತ್ತು ಹತ್ತು. ಇನ್ನೊಂದರಲ್ಲಿ 91 ಕಾಂಗ್ರೆಸ್ ಕಸ, ಉಳಿದ ಒಂಬತ್ತು ಜಾತಿಗೆ ಒಂದೊಂದು. ಪಟ್ಟಿಯಲ್ಲಿ ಎರಡೂ ಸಮ. ಜಾತಿಯ ಸಂಖ್ಯೆಯ ಜೊತೆ ಅವು ಎಷ್ಟು ಸಮನಾಗಿ ಹಂಚಿವೆ ಎಂದೂ ಅಳೆಯುವ ಶಾನನ್ ಸೂಚ್ಯಂಕ ಹಾಕಿದರೆ ಮೊದಲನೆಯದು 2.30, ಎರಡನೆಯದು 0.50. ಹತ್ತನೇ ತರಗತಿಯ ಮಕ್ಕಳಿಗೆ ಲಾಗರಿದಮ್ (ln ಗುಂಡಿ) ಕ್ಯಾಲ್ಕುಲೇಟರಿನಲ್ಲಿ ಒತ್ತಲು ಹೇಳಿಕೊಟ್ಟರೆ ಸಾಕು, ಲೆಕ್ಕ ಮಾಡಿಬಿಡುತ್ತಾರೆ.

ಹೆಸರು ಬರೆಯುವಾಗ ನಮ್ಮ ಭಾಗದ ತೊಡಕೊಂದು ಇದೆ. ಒಂದೇ ಊರಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ. ನೆಗ್ಗಿಲು ಎಂದು ನೀವು ಬರೆದದ್ದನ್ನು ಹಕೀಮರು ಗೋಖರು ಅನ್ನುತ್ತಾರೆ, ಭಾಲ್ಕಿ ಕಡೆಯ ಅಜ್ಜ ಸರಾಟಾ ಅನ್ನುತ್ತಾನೆ, ಸೇಡಂ ಗಡಿಯವಳು ಪಲ್ಲೇರು ಅನ್ನುತ್ತಾಳೆ. ನಾಲ್ಕು ಗಿಡ ಅಂದುಕೊಂಡು ನಾಲ್ಕು ಸಲ ಎಣಿಸಿದ ವಿದ್ಯಾರ್ಥಿಯ ವಹಿ ತಿದ್ದಿದ್ದೇನೆ. ಎಲ್ಲ ಹೆಸರೂ ಒಂದೇ ಸಾಲಿನಲ್ಲಿ ಬರೆಸಿ, ಪಕ್ಕದಲ್ಲಿ ಒಣಗಿಸಿದ ಟೊಂಗೆ ಅಂಟಿಸಿ.

ಈ ವಹಿ ಶಾಲೆಯ ಬೀರುವಿನಲ್ಲಿ ಉಳಿಯಬಾರದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ಎಷ್ಟೋ ಕಡೆ ದಾಖಲಾತಿ ಎಂದರೆ ಪಕ್ಕದೂರಿನದನ್ನೇ ನಕಲು ಹೊಡೆದ ಪುಟಗಳು. ನಿಮ್ಮ ವಹಿ ಅಲ್ಲಿಗೆ ಸೇರಲಿ. ಅದೇ ಕಾಯ್ದೆ ಊರಿನ ವೈದ್ಯರು, ಹಕೀಮರು ತಮ್ಮ ವೃತ್ತಿಗೆ ಗಿಡ ಬಳಸುವುದನ್ನು ತಡೆಯುವುದಿಲ್ಲ. ಇದನ್ನು ಅವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಬಾಯಿ ಬಿಡುವುದಿಲ್ಲ. ಮದ್ದಿನ ಪ್ರಮಾಣ, ಮಾಡುವ ಕ್ರಮ ಅವರ ಆಸ್ತಿ, ಅದನ್ನು ಬರೆಸಬೇಡಿ. ಮಕ್ಕಳಿಗೂ ರುಚಿ ನೋಡುವ ಹುಚ್ಚು ಬೇಡ. ಬೇಲಿಯಲ್ಲಿ ಬೆಂಕಿಯಂತೆ ಅರಳುವ ಅಗ್ನಿಶಿಖೆಯ ಗಡ್ಡೆ ಜೀವ ತೆಗೆಯುವ ವಿಷ.

ಇದ್ದಲ್ಲೇ ಉಳಿಸುವುದು ಹೊಸ ವಿಚಾರವೇನಲ್ಲ. ನಾಟಿ ವೈದ್ಯ ಮತ್ತು ಔಷಧಿ ಸಸ್ಯಗಳ ಮೇಲೆ ಕೆಲಸ ಮಾಡುವ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಮತ್ತು ಅರಣ್ಯ ಇಲಾಖೆ ಸೇರಿ 1993ರಿಂದ ರಾಜ್ಯದ ಬೇರೆ ಬೇರೆ ಬಗೆಯ ಕಾಡುಗಳಲ್ಲಿ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿದವು. ಬೀದರ್ ಕಡೆಯ ಕರ್ಪಕಪಳ್ಳಿಯೂ ಅವುಗಳಲ್ಲಿ ಒಂದು. ನೆಟ್ಟು ಬೆಳೆಸಿದ ತೋಟ ಬೇರೆ ಕೆಲಸ ಮಾಡುತ್ತದೆ, ಮಕ್ಕಳಿಗೆ ತೋರಿಸಲು, ಮನೆಗೆ ನಾಲ್ಕು ಎಲೆ ಕೀಳಲು. ಒಂದು ಸಂಸ್ಥೆಯ ಆವರಣದಲ್ಲಿ ನಾನೇ ಮುಂದೆ ನಿಂತು ಇಂಥದ್ದು ಮಾಡಿಸಿದ್ದೆ. ಮೂರನೇ ಬೇಸಿಗೆಗೆ ಹಸಿರು ಬಣ್ಣದ ನಾಮಫಲಕಗಳು ಮಾತ್ರ ಸಾಲಾಗಿ ನಿಂತಿದ್ದವು. ನೀರಿನ ಪೈಪ್ ಯಾರು ಹಿಡಿಯಬೇಕು ಎಂದು ಯಾರೂ ಬರೆದಿಟ್ಟಿರಲಿಲ್ಲ.

ಆದರೂ ಸಸಿ ನೆಡಲೇಬೇಕೆಂದರೆ ಶಾಲೆಯ ಕಂಪೌಂಡಿನೊಳಗೆ ನೆಡಿ. ಬೇಲಿಗುಂಟ ಆಡುಸೋಗೆ, ಲಕ್ಕಿ, ಎರಡಕ್ಕೂ ಆಡಿನ ಭಯವಿಲ್ಲ, ಟೊಂಗೆ ಊರಿದರೆ ಬರುತ್ತವೆ. ಬೋರ್‌ವೆಲ್ ನೀರು ಹರಿಯುವಲ್ಲಿ ಒಂದೆಲಗ. ಅಶ್ವಗಂಧ ಬೇಕೆಂದರೆ ಗಮನಿಸಿ, ನಮ್ಮ ತಿಪ್ಪೆ ಬದಿಯಲ್ಲಿ ತಾನೇ ಹುಟ್ಟುವುದರ ಬೇರು ನಾರು, ಮಾರುಕಟ್ಟೆಗೆ ಹೋಗುವ ನಾಗೋರಿ ತಳಿ ಬೇರೆ. ಶ್ರೀಗಂಧಕ್ಕೆ ಆಸೆಪಡುವವರು ಇದ್ದೇ ಇರುತ್ತಾರೆ. 2001ರ ತಿದ್ದುಪಡಿಯ ಮೇಲೆ ಖಾಸಗಿ ನೆಲದ ಗಂಧ ನೆಲದವರದೇ, ಕಡಿಯಲು ಸಾಗಿಸಲು ಮಾತ್ರ ಅನುಮತಿ ಬೇಕು. ಅದು ಬೇರೆ ಗಿಡದ ಬೇರಿಗೆ ಬಾಯಿ ಹಚ್ಚಿ ಬದುಕುವ ಮರ, ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಎಳೆಯದಿದ್ದಾಗ ಪಕ್ಕದಲ್ಲಿ ನೆಡಲು ಒಳ್ಳೆಯ ಆಸರೆ ಯಾವುದು ಗೊತ್ತೇ? ನಮ್ಮ ತೊಗರಿ.

ಇನ್ನು ಜೆಸಿಬಿ. ಬಾಡಿಗೆ ಮಾತಾಡಿ ಆಗಿದೆ, ಪಂಚಾಯಿತಿಯವರಿಗೆ ಏನಾದರೂ ಕೆಲಸ ಕಾಣಬೇಕು ಎಂದರೆ ಅದಕ್ಕೂ ಕೆಲಸವಿದೆ. ಗಾಯರಾಣದ ಬಳ್ಳಾರಿ ಜಾಲಿಯನ್ನು ಕೊಡಲಿಯಿಂದ ಕಡಿದರೆ ಒಂದಕ್ಕೆ ಹತ್ತು ಚಿಗುರುತ್ತದೆ, ನೆಲದೊಳಗಿನ ಬೊಡ್ಡೆ ಸಮೇತ ಎತ್ತಬೇಕು. ಆ ಮರಗಳಿಗೆ ಮಾತ್ರ ಮಕ್ಕಳ ಕೈಯಲ್ಲಿ ಸುಣ್ಣದ ಗುರುತು ಹಾಕಿಸಿ. ಎರಡು ಎಕರೆಯ ಸುತ್ತ ಒಂದು ಕಂದಕ ತೋಡಿಸಿ, ಎರಡು ಮಳೆಗಾಲ ಆಡು ಒಳಗೆ ಬರದಿದ್ದರೆ ಸಾಕು. ಕುರಿಯವರಿಗೆ ದಾರಿ ಬಿಡಬೇಕು, ಅವರ ಜೊತೆ ಮೊದಲೇ ಕೂತು ಮಾತಾಡಿಕೊಳ್ಳಿ. ಚಾಲಕನಿಗೆ ತಂಗಡಿ ಯಾವುದು, ಜಾಲಿ ಯಾವುದು ಎಂದು ಬೆಳಿಗ್ಗೆಯೇ ತೋರಿಸಿ, ಸಂಜೆಯವರೆಗೆ ಅಲ್ಲೇ ನಿಂತಿರಿ. ಚಹಾ ಕುಡಿಯಲು ಹೋದರೂ ಒಬ್ಬರನ್ನು ನಿಲ್ಲಿಸಿ ಹೋಗಿ.